ತಿದಿ ನಿಲ್ಲಿಸುವ ಬಡಿತ

ಹೆಣ್ಣು ನೋಡಲು ಹೋದವನು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಸಣ್ಣ ವಿಷಯ ನನಗೆ ತಿಳಿಯುವಷ್ಟರಲ್ಲಿ ನಾಲ್ಕು ಸಂಬಂಧಗಳು ತಪ್ಪಿಹೋಗಿದ್ದವು. ಮೊದಲನೆಯ ಮನೆಯಲ್ಲಿ ಹಾಲು ಮೊಸರಾಗುವುದು ಹೇಗೆ ಎಂದು ಹುಡುಗಿಯ ಅಜ್ಜಿಗೇ ಪಾಠ ಹೇಳಿದ್ದೆ. ಎರಡನೆಯ ಮನೆಯಲ್ಲಿ ಗ್ರಹಣದ ವಿಷಯ ಎತ್ತಿದೆ. ಹುಡುಗಿಯ ತಂದೆ ಜಾತಕ ಮಡಚಿ ಒಳಗಿಟ್ಟರು. ಉಳಿದೆರಡು ಮನೆಗಳ ಸುದ್ದಿ ಬೇಡ. ಎಲ್ಲ ಕಡೆಯಲ್ಲೂ ಹೊರಡುವಾಗ ಒಂದೇ ಮಾತು ಹೇಳಿದ್ದರು: "ಕಾಗದ ಬರೀತೇವೆ." ಆ ನಾಲ್ಕು ಕಾಗದಗಳು ಇವತ್ತಿಗೂ ಬಂದಿಲ್ಲ.

ಆಗ ನನಗೆ ಇಪ್ಪತ್ತೇಳು ವರ್ಷ. ನಮ್ಮ ಜಿಲ್ಲೆ ಮುಂಬಯಿ ಸರಕಾರದ ಕೈಯಿಂದ ಮೈಸೂರಿನ ಕೈಗೆ ಬಂದು ನಾಲ್ಕೈದು ವರ್ಷಗಳಾಗಿದ್ದವು. ನಾನು ಯಲ್ಲಾಪುರದಲ್ಲಿ ಹೈಸ್ಕೂಲು ಮಾಸ್ತರ, ವಿಜ್ಞಾನ ಕಲಿಸುತ್ತಿದ್ದೆ. ಹುಟ್ಟಿದ್ದು ಮಾತ್ರ ಶಿರಸಿಯ ಹತ್ತಿರ, ಕಮ್ಮಾರರ ಮನೆಯಲ್ಲಿ. ಅಜ್ಜ ತೀರಿಕೊಂಡ ಮೇಲೆ ಕುಲುಮೆ ಹಚ್ಚುವವರಿರಲಿಲ್ಲ. ಅಪ್ಪ ಪೋಸ್ಟ್ ಆಫೀಸು ಸೇರಿದರು, ನಾನು ಧಾರವಾಡಕ್ಕೆ ಹೋಗಿ ಬಿ.ಎಸ್ಸಿ. ಮಾಡಿದೆ. ಕಬ್ಬಿಣದ ಬಗ್ಗೆ ಮಾತಾಡಲು ಬರುತ್ತಿತ್ತು, ಅದನ್ನು ಬಡಿಯಲು ಬರುತ್ತಿರಲಿಲ್ಲ. ಆದರೂ ಬರುತ್ತದೆ ಎಂದೇ ನಂಬಿದ್ದೆ.

ಐದನೆಯ ಸಂಬಂಧ ತಂದವರು ನನ್ನ ಸೋದರಮಾವ. ಸಿದ್ದಾಪುರದಿಂದ ಮನ್ಮನೆ ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಹೆಸರಾಂತ ಆಚಾರರಿದ್ದರು. ಅವರು ಹದ ಕೊಟ್ಟ ಕತ್ತಿಗೆ ಎರಡು ತಾಲೂಕಿನಿಂದ ಜನ ಬರುತ್ತಿದ್ದರು. ಅವರ ಮಗಳು ಏಳನೇ ಇಯತ್ತೆ ಪಾಸಾಗಿದ್ದಳು. ಶಿರಸಿಯಲ್ಲಿ ಬಸ್ಸು ಹತ್ತಿದಾಗಿನಿಂದ ಮಾವ ಒಂದೇ ಮಾತು ಹೇಳುತ್ತ ಬಂದರು:

"ಅಲ್ಲಿ ಒಂದ್ ಶಬ್ದ ಮಾತಾಡೂದಿಲ್ಲ ನೀನು. ಕೇಳಿದ್ರೆ ಹೌದು, ಇಲ್ಲ. ಅಷ್ಟೇ. ಗೊತ್ತಾಯ್ತಾ?"

"ಹೌದು," ಎಂದೆ.

ಮಾವನಿಗೆ ಅದೇ ದೊಡ್ಡ ಸಮಾಧಾನವಾಯಿತು. ನನ್ನ ತಲೆಯೊಳಗೆ ಏನು ತುಂಬಿಕೊಂಡಿದೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ಹಿಂದಿನ ವಾರವಷ್ಟೇ ಶಾಲೆಯಲ್ಲಿ ಉಕ್ಕು ಮಾಡುವ ಹೊಸ ಕ್ರಮದ ಮೇಲೆ ಭಾಷಣ ಮಾಡಿದ್ದೆ. ಕರಗಿದ ಕಬ್ಬಿಣದೊಳಗೆ ಗಾಳಿ ಊದುವುದು, ಆ ಗಾಳಿಗೆ ಇನ್ನಷ್ಟು ಆಮ್ಲಜನಕ ಸೇರಿಸುವುದು, ಇದರಿಂದ ಉಕ್ಕು ಬೇಗ ಆಗುವುದು, ಒಳ್ಳೆಯದಾಗುವುದು. ಭಾಷಣ ಮುಗಿದಾಗ ಎಚ್ಚರವಾಗಿದ್ದವರು ಇಬ್ಬರೇ. ನಾನೊಬ್ಬ, ಗಂಟೆ ಹೊಡೆಯುವ ಸಿಪಾಯಿ ಇನ್ನೊಬ್ಬ. ಹಾಗಾಗಿ ಹೇಳಬೇಕಾದದ್ದು ಬಹಳಷ್ಟು ಒಳಗೇ ಉಳಿದಿತ್ತು.

ಆಚಾರರ ಮನೆಯಲ್ಲಿ ಬೆಲ್ಲ, ನೀರು ಆಯಿತು. ಹುಡುಗಿಯ ತಾಯಿ ಚಾ ತಂದಿಟ್ಟರು. ಇನ್ನು ಹುಡುಗಿ ತಲೆ ತಗ್ಗಿಸಿಕೊಂಡು ಅವಲಕ್ಕಿಯ ತಟ್ಟೆ ಹಿಡಿದು ಬರುತ್ತಾಳೆ ಎಂದು ನಾನು ಅಂಗಿಯ ಕಾಲರು ಸರಿಮಾಡಿಕೊಂಡು ಕುಳಿತೆ. ಯಾರೂ ಬರಲಿಲ್ಲ. ಆಚಾರರು ಎದ್ದು ಪಂಚೆ ಮೇಲೆ ಕಟ್ಟಿದರು.

"ಬನ್ನಿ ಮಾಸ್ತರೇ, ಕುಲುಮೆಗೆ ಹೋಗ್ವ. ನಮ್ಮನೇಲಿ ಒಂದು ಪದ್ಧತಿ ಅದೆ. ನೋಡೂಕೆ ಬಂದ ಗಂಡು ಒಂದು ಸಾಮಾನು ಮಾಡಿಕೊಟ್ಟು ಹೋಗ್ಬೇಕು. ತಿದಿ ಒತ್ತೂದು ನಮ್ಮ ಹುಡ್ಗಿ."

ಮಾವ ನನ್ನ ಮುಖ ನೋಡಿದರು. ನಾನು ಮಾವನ ಮುಖ ನೋಡಿದೆ. ಇದನ್ನು ಇಬ್ಬರಿಗೂ ಯಾರೂ ಮೊದಲೇ ಹೇಳಿರಲಿಲ್ಲ.

ಕುಲುಮೆ ಅಂಗಳದಾಚೆ, ಸೋಗೆ ಹೊದೆಸಿದ ಚಪ್ಪರ. ಅಲ್ಲಿ ಎರಡು ತೊಗಲಿನ ತಿದಿಗಳ ನಡುವೆ ಅವಳು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ಒಂದನ್ನು, ಬಲಗೈಯಲ್ಲಿ ಒಂದನ್ನು ಒತ್ತುತ್ತಿದ್ದಳು. ಮೂಗಿನ ತುದಿಗೆ ಇದ್ದಿಲಿನ ಮಸಿ ಹತ್ತಿತ್ತು. ತಲೆಯೇನೂ ತಗ್ಗಿಸಿರಲಿಲ್ಲ. ನೆಟ್ಟಗೆ ನನ್ನನ್ನೇ, ಸಂತೆಗೆ ಬಂದ ಎತ್ತನ್ನು ನೋಡುವ ಹಾಗೆ, ಕಾಲಿನಿಂದ ತಲೆಯವರೆಗೆ ನೋಡಿದಳು. ಆ ನಾಲ್ಕು ಮನೆಗಳಲ್ಲಿ ನಾನು ಹೆಣ್ಣು ನೋಡಿದ್ದೆ. ಇಲ್ಲಿ ನೋಡಿಸಿಕೊಳ್ಳುವವನು ನಾನೇ ಎಂದು ಗೊತ್ತಾಯಿತು. ಮುಚ್ಚುಮರೆ ಯಾಕೆ, ಆ ಕ್ಷಣದಲ್ಲೇ ನನಗೆ ಇವಳೇ ಬೇಕು ಅನ್ನಿಸಿಬಿಟ್ಟಿತು. ಈ ಮನೆಯಿಂದಲೂ ಕಾಗದ ಬರೆಯುತ್ತೇವೆ ಅಂದರೆ ಏನು ಗತಿ ಎಂಬ ಹೆದರಿಕೆ ಶುರುವಾಯಿತು.

ಚಪ್ಪರದ ಕಂಬಕ್ಕೆ ಒರಗಿ ಒಬ್ಬ ತೋಟದ ಯಜಮಾನರು ಎಲೆಯಡಿಕೆಯ ಕವಳ ಹಾಕುತ್ತ ಕುಳಿತಿದ್ದರು. ಅವರ ಕತ್ತಿ ಹದಕ್ಕೆ ಬಂದಿತ್ತು. ನನ್ನ ಪರೀಕ್ಷೆ ಮುಗಿಯುವ ತನಕ ಅವರು ಕಾಯಬೇಕಿತ್ತು. ಕಾಯಲು ಅವರಿಗೆ ಬೇಜಾರಿದ್ದಂತೆ ಕಾಣಲಿಲ್ಲ. ಯಕ್ಷಗಾನಕ್ಕೆ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕವರ ಹಾಗಿದ್ದರು.

ಆಚಾರರು ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯ ಒಂದು ತುಂಡು ಕೊಟ್ಟರು. ಒಳ್ಳೆಯ ಉಕ್ಕು. ಅದರಿಂದ ಅಂಗೈ ಉದ್ದದ ಒಂದು ಚೂರಿ ಮಾಡಬೇಕು.

"ಬಡಿತ ಗೊತ್ತುಂಟಲ್ಲ?" ಎಂದು ಕೇಳಿದರು.

"ಹೌದು," ಎಂದೆ. ಗೊತ್ತಿತ್ತು. ಅಜ್ಜನ ಕುಲುಮೆಯಲ್ಲೂ ಅದೇ ನಡೆಯುತ್ತಿತ್ತು. ತಿದಿಯ ಬುಸುಬುಸು ಸದ್ದಿನಲ್ಲಿ ಬಾಯಿಮಾತು ನಂಬುವ ಹಾಗಿಲ್ಲ. ಅದಕ್ಕೆ ಸುತ್ತಿಗೆ ಹಿಡಿದವರು ಕಬ್ಬಿಣದ ಅಡಿಗಲ್ಲಿನ ಮೇಲೆ ಬಡಿದು ಹೇಳುತ್ತಾರೆ. ಎರಡು ಸಲ ಬಡಿದರೆ ತಿದಿ ಜೋರು ಮಾಡು ಅಂತ. ಒಂದು ಸಲ ಬಡಿದರೆ ನಿಲ್ಲಿಸು ಅಂತ. ಬಡಿತ ಬೀಳುವ ತನಕ ತಿದಿಯವರು ನಿಲ್ಲಿಸುವಂತಿಲ್ಲ, ಬಿದ್ದ ಮೇಲೆ ಇನ್ನೊಂದು ಸಲ ಒತ್ತುವಂತಿಲ್ಲ.

"ನಮ್ಮ ತಿದಿ ಹೊರಗಿನವ್ರು ಮುಟ್ಟೂದಿಲ್ಲ ಮಾಸ್ತರೇ," ಎಂದು ಆಚಾರರು ಸೇರಿಸಿದರು. "ಮನೆಯವ್ರೇ ಆಗ್ಬೇಕು. ಬಡಿತ ಕೇಳಿ ನಿಲ್ಲೂದು ಅಂದ್ರೆ ಸುಮ್ನೆ ಅಲ್ಲ."

ಇಷ್ಟಕ್ಕೆ ನಾನು ಹೌದು ಎಂದು ಸುಮ್ಮನಾಗಬೇಕಿತ್ತು. ಕಬ್ಬಿಣವನ್ನು ಕೆಂಡದಲ್ಲಿಟ್ಟು ಸುಮ್ಮನೆ ನಿಂತೂ ಇದ್ದೆ. ಆದರೆ ತಿದಿ ಊದುತ್ತಿತ್ತು, ಕೆಂಡ ಉರಿಯುತ್ತಿತ್ತು, ಎದುರಿಗೆ ಕಬ್ಬಿಣ ಬಲ್ಲ ಜನ ನಿಂತಿದ್ದರು. ನಾನೂ ಮನುಷ್ಯನೇ.

"ಆಚಾರ್ರೇ, ಈಗ ದೊಡ್ಡ ಕಾರಖಾನೆಯಲ್ಲಿ ಉಕ್ಕು ಹ್ಯಾಗೆ ಮಾಡ್ತಾರೆ ಗೊತ್ತುಂಟಾ?"

ಮಾವ ನನ್ನ ಕಾಲು ತುಳಿದರು. ನಾನು ಕಾಲು ಈಚೆ ಎಳೆದುಕೊಂಡೆ.

"ಆನೆ ಕೂರೂವಷ್ಟು ದೊಡ್ಡ ಗಡಿಗೆ. ಅದರ ತುಂಬ ಕರಗಿದ ಕಬ್ಬಿಣ. ತಳದಲ್ಲಿ ತೂತು. ಅಲ್ಲಿಂದ ಗಾಳಿ ಊದ್ತಾರೆ, ಕಬ್ಬಿಣದ ಒಳಗೇ. ಕಟ್ಟಿಗೆ ಇಲ್ಲ, ಇದ್ದಿಲು ಇಲ್ಲ. ಬರೇ ಗಾಳಿ ಊದಿದ್ದಕ್ಕೇ ಕಾವು ಏರ್ತದೆ!"

ಆಚಾರರು ಮೊದಲ ಬಾರಿಗೆ ನನ್ನನ್ನು ಸರಿಯಾಗಿ ನೋಡಿದರು.

"ಎಂತ ಹೇಳ್ತ್ರಿ? ಬಿಸಿ ಗಂಜಿಗೆ ಊದಿದ್ರೆ ಆರ್ತದೆ. ಕಬ್ಬಿಣದ ಗಂಜಿಗೆ ಊದಿದ್ರೆ ಕಾಯ್ತದಾ?"

ಎಷ್ಟು ಒಳ್ಳೆಯ ಪ್ರಶ್ನೆ! ನನ್ನ ಹತ್ತನೆಯ ವರ್ಗದಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನು ಕುಲುಮೆಗೆ ಬೆನ್ನು ತಿರುಗಿಸಿ, ಇಕ್ಕಳವನ್ನು ಸೀಮೆಸುಣ್ಣದ ಹಾಗೆ ಹಿಡಿದು ಶುರುಮಾಡಿದೆ. ಗಂಜಿಯೊಳಗೆ ಉರಿಯುವಂಥದ್ದು ಏನೂ ಇಲ್ಲ, ಆದರೆ ಅದುರಿನಿಂದ ಈಗಷ್ಟೇ ಇಳಿಸಿದ ಕಬ್ಬಿಣದೊಳಗೆ ಇಂಗಾಲ ಇರುತ್ತದೆ. ಗಾಳಿ ತಾಗಿದರೆ ಅದೇ ಉರಿದು ಕಾವು ಕೊಡುತ್ತದೆ.

"ಹಂಗಾರೆ ಕಬ್ಬಿಣದ ಒಳಗೇ ಕಟ್ಟಿಗೆ ಅದೆ ಅಂತ್ರಾ?"

"ಹೌದು! ಇನ್ನು ಈ ಗಾಳಿ ಇದೆಯಲ್ಲ, ಇದರಲ್ಲಿ ಐದು ಪಾಲಿನಲ್ಲಿ ಒಂದು ಪಾಲು ಮಾತ್ರ ಆಮ್ಲಜನಕ. ಅದು ಒಂದೇ ದುಡಿಯೂದು. ಉಳಿದ ನಾಲ್ಕು ಪಾಲು ಕರೆಯದೆ ಬಂದ ನೆಂಟರು. ಕೆಲಸ ಮಾಡೂದಿಲ್ಲ, ಹೋಗುವಾಗ ಕಾವು ಕಟ್ಟಿಕೊಂಡು ಹೋಗ್ತಾರೆ. ಮೇಲಿಂದ ಉಕ್ಕನ್ನು ಪೆಡಸು ಮಾಡ್ತಾರೆ. ಅದಕ್ಕೇ ಈಗ ಗಾಳಿಗೆ ಬೇರೆ ಆಮ್ಲಜನಕ ಸೇರಿಸಿ ಊದ್ತಾರೆ. ಊದಿದಷ್ಟೂ ಒಳ್ಳೇದು!"

ಕಂಬದ ಹತ್ತಿರ ಕುಳಿತ ಯಜಮಾನರು ಕವಳ ಉಗಿದು ಬಂದು ಹೇಳಿದರು: "ಆಚಾರೀ, ಯನ್ನ ಕತ್ತಿಗೆ ಮಾತ್ರ ಅದನ್ನ ಹಾಕಡ ಮಾರಾಯಾ. ಆನು ನಾಳೆ ಅಡಕೆ ಕೊನೆ ಕೊಯ್ಸವು."

ಅಷ್ಟರಲ್ಲಿ ಬೆನ್ನ ಹಿಂದೆ ಚಟಚಟ ಸದ್ದು ಕೇಳಿತು. ತಿರುಗಿದೆ. ಉಕ್ಕಿನ ತುಂಡು ಕೆಂಪಾಗಿ, ಹಳದಿಯಾಗಿ, ಅದೂ ಮುಗಿದು ಬೆಳ್ಳಗಾಗಿತ್ತು. ತುದಿಯಿಂದ ದೀಪಾವಳಿಯ ನಕ್ಷತ್ರಕಡ್ಡಿಯಂತೆ ಕಿಡಿ ಹಾರುತ್ತಿತ್ತು.

"ಸಾಕು! ಸಾಕು!" ಎಂದು ಕೂಗಿದೆ. ವರ್ಗದಲ್ಲಿ ಗಲಾಟೆಯಾದಾಗ ಮಾಡುವಂತೆ ಎರಡೂ ಕೈ ಎತ್ತಿ ಬೀಸಿದೆ. ಅವಳು ನನ್ನ ಕೈ ನೋಡಿದಳು, ಬಾಯಿ ನೋಡಿದಳು, ತಿದಿ ಒತ್ತುತ್ತಲೇ ಇದ್ದಳು. ಎಡ, ಬಲ, ಎಡ, ಬಲ. ಕಿಡಿ ಇನ್ನೂ ಹೆಚ್ಚಾಯಿತು. ಕೊನೆಗೆ ಆಚಾರರೇ ಸುತ್ತಿಗೆ ಎತ್ತಿ ಅಡಿಗಲ್ಲಿನ ಮೇಲೆ ಒಂದು ಬಡಿದರು. ಠಣ್. ತಿದಿ ಅಲ್ಲೇ ನಿಂತಿತು.

ತುಂಡನ್ನು ಅಡಿಗಲ್ಲಿಗೆ ತಂದು ನಾನೊಂದು ಪೆಟ್ಟು ಹಾಕಿದೆ. ಕೊಬ್ಬರಿ ಮಿಠಾಯಿಯ ಅಂಚು ಮುರಿಯುವಂತೆ ಅದು ಉದುರಿ ಬಿತ್ತು. ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಬಂದು ನಾನು ಹುಡುಗಿಯನ್ನೇ ಕೇಳಿದೆ: "ಸಾಕು ಅಂದೆನಲ್ಲ, ಯಾಕೆ ನಿಲ್ಲಿಸಲಿಲ್ಲ?"

ಅವಳು ನನ್ನೊಡನೆ ಆಡಿದ ಮೊದಲನೆಯ ಮಾತು ಇದು: "ನೀವು ಬಡಿಲಿಲ್ಲ." ಆಮೇಲೆ, ಮೂಗಿನ ಮಸಿ ಒರೆಸಿಕೊಳ್ಳುತ್ತ, ಎರಡನೆಯದು: "ಮತ್ತೆ ಊದಿದಷ್ಟೂ ಒಳ್ಳೇದು ಅಂದ್ರಲ್ಲ."

ಯಜಮಾನರಿಗೆ ಮತ್ತೆ ಹಾಕಿದ ಕವಳ ನೆತ್ತಿಗೆ ಹತ್ತಿತು. ಮಾವ ಚಪ್ಪರದ ಸೋಗೆ ಎಣಿಸತೊಡಗಿದರು.

ಅವಳು ಹೇಳಿದ್ದು ಸರಿಯಾಗಿತ್ತು, ಅದೇ ನನಗೆ ಹೆಚ್ಚು ಚುಚ್ಚಿದ್ದು. ಪುಸ್ತಕದಲ್ಲಿ ಇನ್ನೂ ಒಂದು ಸಾಲಿತ್ತು. ಗಡಿಗೆಯ ಬಾಯಲ್ಲಿ ಏಳುವ ಜ್ವಾಲೆ ಕುಗ್ಗಿದ ಕೂಡಲೇ ಊದುವುದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಇಂಗಾಲ ಮುಗಿದ ಮೇಲೆ ಕಬ್ಬಿಣವೇ ಉರಿಯಲು ಶುರುವಾಗುತ್ತದೆ. ಆ ಸಾಲನ್ನು ನಾನು ಓದಿದ್ದೆ. ಊದುವ ಭಾಗ ಹೇಳುವ ಹುರುಪಿನಲ್ಲಿ ನಿಲ್ಲಿಸುವ ಭಾಗ ಬಿಟ್ಟೇಬಿಟ್ಟಿದ್ದೆ. ಯಲ್ಲಾಪುರದಲ್ಲಿ ಭಾಷಣ ಮಾಡಿದಾಗಲೂ ಬಿಟ್ಟಿದ್ದೆ.

ಜಗಲಿಗೆ ಬಂದೆವು. ಮಾವ ಕೊಡೆ ತೆಗೆದುಕೊಂಡರು. ಆಚಾರರು ಕೈ ತೊಳೆದು ಬಂದು, ಬಹಳ ಮರ್ಯಾದೆಯಿಂದ, ನಾನು ಹೆದರಿಕೊಂಡಿದ್ದ ಮಾತನ್ನೇ ಆಡಿದರು:

"ಆಗ್ಲಿ ಹಂಗಾರೆ. ಮನೇಲಿ ವಿಚಾರ ಮಾಡಿ ಕಾಗದ ಬರೀತೇವೆ."

ಹಿಂದೆ ನಾಲ್ಕು ಸಲ ಈ ಮಾತು ಕೇಳಿ ಚಪ್ಪಲಿ ಮೆಟ್ಟಿ ಸುಮ್ಮನೆ ನಡೆದವನು ನಾನು. ಈ ಸಲ ಕಾಲು ಏಳಲಿಲ್ಲ. ದಿಕ್ಕು ತೋಚದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ.

"ಆಚಾರ್ರೇ, ತಪ್ಪು ನಂದೇ. ಒಂದು ಮಾತು ಹೇಳದೇ ಬಿಟ್ಟಿದ್ದೆ. ಆ ಗಡಿಗೆಯಲ್ಲೂ ಹೀಗೇ ಆಗ್ತದೆ, ಈಗ ನಿಮ್ಮ ಉಕ್ಕಿನಿಂದ ಇಂಗಾಲ ಹೋಯ್ತಲ್ಲ, ಅದೇ ಕೆಲಸ. ಜ್ವಾಲೆ ಕುಗ್ಗಿದ್ದು ಕಂಡ ಕೂಡಲೇ ನಿಲ್ಲಿಸಬೇಕು, ಅದನ್ನ ನೋಡೂಕೆ ಅಂತಲೇ ಒಬ್ಬ ಪಳಗಿದವ ಇರ್ತಾನೆ, ಅವನು ಆ ಜ್ವಾಲೆಯ ಬಣ್ಣವನ್ನು..."

"ಸಾಕೋ ಮಾರಾಯಾ," ಎಂದು ಮಾವ ರಟ್ಟೆ ಹಿಡಿದು ಎಳೆದರು. ನಾನು ಅಂಗಳಕ್ಕಿಳಿದೆ, ಆದರೆ ಹಿಂದಕ್ಕೆ ತಿರುಗಿ ಹೇಳುತ್ತಲೇ ಇದ್ದೆ: "ಬಣ್ಣವನ್ನು ನೋಡಿ, ಮೊದಲು ಕಿಡಿ, ಆಮೇಲೆ ಬಿಳಿ, ಬಿಳಿ ಹೋಗಿ..."

ಕುಲುಮೆಯ ಕಡೆಯಿಂದ ಸದ್ದು ಬಂತು.

ಠಣ್.

ಒಂದೇ ಬಡಿತ. ನನ್ನ ಬಾಯಿ ಅಲ್ಲೇ ನಿಂತಿತು. ಬಿಳಿ ಹೋಗಿ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆಚಾರರು ಅತ್ತ ತಿರುಗಿದರು. ನಾನೂ ತಿರುಗಿದೆ. ತಿದಿಯ ಹತ್ತಿರ ಯಾರೂ ಇರಲಿಲ್ಲ. ಅಡಿಗಲ್ಲಿನ ಮುಂದೆ ಅವಳು ಅಪ್ಪನ ಸುತ್ತಿಗೆ ಹಿಡಿದು ನಿಂತಿದ್ದಳು. ಬಡಿದದ್ದು ನನಗೇ ಎಂಬುದರಲ್ಲಿ ಅನುಮಾನವಿರಲಿಲ್ಲ. ನಾನು ಇನ್ನೊಂದು ಶಬ್ದ ಎತ್ತುತ್ತೇನೋ ಇಲ್ಲವೋ ಎಂದು ಕಾಯುತ್ತಿದ್ದಳು. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನೆ ನಿಂತದ್ದು ಅದೇ ಮೊದಲು.

"ನಂಗೆ ಇಪ್ಪತ್ತೇಳು ವರ್ಷದಿಂದ ಆಗ್ಲಿಲ್ಲ ಇದು," ಎಂದು ಮಾವ ಮೆಲ್ಲಗೆ ಹೇಳಿದರು.

ಆಚಾರರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮಾವನ ಕೈಯಿಂದ ಕೊಡೆ ಇಸಿದುಕೊಂಡು ಗೋಡೆಯ ಗೂಟಕ್ಕೆ ತೂಗುಹಾಕಿದರು.

"ಒಳಗೆ ಬನ್ನಿ, ಊಟ ಮಾಡ್ಕಂಡೇ ಹೋಗ್ವಿರಂತೆ," ಎಂದರು. "ಕಾಗದ ಎಂತಕ್ಕೆ ಸುಮ್ನೆ? ನಮ್ಮ ಹುಡ್ಗಿ ಹೊರಗಿನವ್ರಿಗೆ ಬಡಿಯೂದಿಲ್ಲ."