ಅಕ್ಕೋರು ಶುಕ್ರವಾರ ಖಂಡ ತಿಂದದ್ದು

ನನ್ನ ತಂಗಿಗೆ ದನಿ ಕೊಟ್ಟಿದ್ದು ಒಂದು ಕುರಿ. ಬೀರೋಬಾ ಅಲ್ಲ, ಮೇರಿಮಾತಾನೂ ಅಲ್ಲ. ಎರಡೂ ಕಡೆಯವರು ನನ್ನ ಮ್ಯಾಲ ಸಿಟ್ಟಾಗಲಿ. ನಾ ಎದುರಿಗಿದ್ದೆ, ಅವರು ಇರಲಿಲ್ಲ.

ತಂಗಿ ಹುಟ್ಟಾ ಕಿವುಡಿ. ಕೇಳದ್ದಕ್ಕ ಮಾತೂ ಇಲ್ಲ. ನಮ್ಮೂರು ಕಂದಲಗಾಂವದಾಗ ಆಕೀನ್ನ ಎಲ್ಲಾರೂ ಮೂಗಿ ಅಂತನ ಕರೀತಿದ್ದರು. ಕರದರೂ ಆಕಿಗೆ ಕೇಳತಿರಲಿಲ್ಲ, ಹಂಗಾಗಿ ಸಿಟ್ಟಾಗೂ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಇರಲಿಲ್ಲ, ತಂಗಿ ಸಣ್ಣಾಕಿದ್ದಾಗನ ತೀರಿ ಹೋಗಿದ್ದಳು. ಅಪ್ಪ ತಂಗೀನ್ನ ಅಕ್ಕಲಕೋಟದ ಮಠಕ್ಕ ಒಯ್ದು ಅಂಗಾರದ ಬೂದಿ ನೆಕ್ಕಿಸಿದ. ದರ್ಗಾಕ್ಕ ಒಯ್ದು ನವಿಲುಗರಿಲೆ ಬಡಿಸಿದ. ಕಡೀಕ ನಮ್ಮ ಬೀರೋಬಾನ ಗುಡಿ ಮುಂದ ಅರಿಷಿಣದ ಭಂಡಾರ ಹಾರಿಸಿ, "ಈಕಿ ಬಾಯಿಂದ ದನಿ ಬರಲಿ, ನಿನಗ ಟಗರು ಕಡೀತೀನಿ" ಅಂತ ಹರಕಿ ಹೊತ್ತ. ಕುರಿ ಸಾಕೂ ಮನಿ ನಮ್ಮದು, ಟಗರಿಗೇನು ಬರ.

ಬೀರೋಬಾ ಸುಮ್ಮನಿದ್ದ. ಅಷ್ಟರಾಗ ಸೊಲ್ಲಾಪುರದ ಗಿರಣಿಯೊಳಗ ದುಡಿಯೂ ನಮ್ಮ ಚಿಗವ್ವ ಒಂದು ಸುದ್ದಿ ತಂದಳು. ವಿಜಾಪುರ ರಸ್ತೆದ ಬಾಜೂಕ ಒಬ್ಬ ಕಿರಿಸ್ತಾನ ಹೆಣ್ಣಮಗಳು ಮೂಗ ಹುಡುಗರಿಗೆ, ಬುದ್ಧಿ ಮಂದ ಇದ್ದ ಹುಡುಗರಿಗೆ ತನ್ನ ಮನ್ಯಾಗ ಸಾಲಿ ತಗದಾಳ ಅಂತ. ಅಪ್ಪ ನಕ್ಕ. "ಕೇಳದ ಕೂಸಿಗೆ ಏನು ಕಲಸ್ತಾಳ? ಆಕಿಗೂ ಬುದ್ಧಿ ಮಂದ ಇರಬೇಕು." ನಕ್ಕರೂ ಕಳಿಸಿದ. ಕಾವಲಿಗೆ ನನ್ನ ಜೋಡಿ ಮಾಡಿದ. ನನ್ನ ಲಗ್ನ ಆಗಿತ್ತು, ಗಂಡನ ಮನಿಗೆ ಇನ್ನೂ ಹೋಗಿರಲಿಲ್ಲ. ಪುಕ್ಕಟ ಸಿಗೂ ಆಳು ನಾನ. ಇಬ್ಬರೂ ಚಿಗವ್ವನ ಖೋಲಿಯೊಳಗ ಉಳಕೊಂಡಿವಿ. ನನಗ ನಾಕು ಅಕ್ಷರ ಬಂದದ್ದೂ ಆ ಸಾಲಿ ಬಾಗಲದಾಗ ಕೂತನ.

ಅಕ್ಕೋರು ಅಂತ ಕರೀತಿದ್ದಿವಿ ಅವರನ್ನ. ಗೋವಾ ಕಡೆಯವರು, ಲಗ್ನ ಆಗದವರು, ಮುಂಬೈದಾಗ ಸನ್ಯಾಸಿನಿಯರ ಹಂತೇಕ ಈ ವಿದ್ಯಾ ಕಲತವರು. ದಪ್ಪನ ಮೈ, ಬಿಳಿ ಸೀರಿ, ಕೊರಳಾಗ ಶಿಲುಬಿ. ಮುಂಜಾನೆ ಚರ್ಚಿಗೆ ಹೋಗಿ ಬರೂತನಕ ಗುಟುಕು ನೀರು ಸೈತ ಕುಡೀತಿರಲಿಲ್ಲ. ಮೇರಿಮಾತಾನ ಫೋಟೋದ ಮುಂದ ಜಪ ಮಾಡೂ ಮುಂದ ಹುಡುಗರು ಬಡದಾಡಿದರ, ಒಂದು ಕೈಯಾಗಿನ ಜಪಮಾಲಿ ಬಿಡದ ಇನ್ನೊಂದು ಕೈಲೆ ಕಿವಿ ಹಿಂಡತಿದ್ದರು. ಕೇಳದ ಕಿವಿ ಆದರೂ ಹಿಂಡಿದರ ನೋಯ್ತದ.

ಅವರು ಭಾಳ ವರ್ಷ ಬದುಕಿದರು. ಹಲ್ಲು ಉದುರಿದವು, ಕಡೀಕ ತಾವೂ ಕಿವುಡಾಗಿ ಮಂದಿ ತುಟಿ ನೋಡಿ ಮಾತು ತಿಳಕೊಂತಿದ್ದರು. ಅಷ್ಟಾದರೂ ಹುಡುಗರನ್ನ ಬಿಡಲಿಲ್ಲ. ಮಣ್ಣು ಮಾಡೂ ಮುಂದ ಪಾದ್ರಿ, ಈಕಿ ಸಂತ ಇದ್ದಳು ಅಂದನಂತ. ಸಂತಳೂ ಅಲ್ಲ ಏನೂ ಅಲ್ಲ. ಹಟಮಾರಿ. ಆ ಕೆಲಸಕ್ಕ ಬೇಕಾಗಿದ್ದೂ ಅದನ.

ಕಲಸೂದು ನೋಡಿದರ ಮಾಟ ಮಾಡಿಧಂಗ ಕಾಣತಿತ್ತು. ಹುಡುಗರ ಬಾಯಿ ಮುಂದ ಮೇಣಬತ್ತಿ ಹಚ್ಚಿ ಹಿಡೀತಿದ್ದರು, "ಪ" ಅಂದರ ಉರಿ ಹೊಯ್ದಾಡಬೇಕು. ನಾಲಿಗಿ ಎಲ್ಲಿ ಹತ್ತಬೇಕು ಅಂತ ತೋರಸಾಕ ಮ್ಯಾಲಿನ ಹಲ್ಲಿನ ಹಿಂದ ಬೆಲ್ಲ ಹಚ್ಚತಿದ್ದರು. ತಂಗಿ ಬೆಲ್ಲ ನೆಕ್ಕೂದನ್ನ ಬೇಗ ಕಲತಳು. ದನಿ ಮಾತ್ರ ಬರಲಿಲ್ಲ, ಬರೇ ಉಸಿರು. ಅಕ್ಕೋರು ಆಕಿ ಕೈ ತಮ್ಮ ಗಂಟಲದ ಮ್ಯಾಲ ಇಟಗೊಂಡು "ಬ, ಬ" ಅಂತಿದ್ದರು, ದನಿ ಬಂದರ ಗಂಟಲು ನಡಗತದ ಅಂತ ತಿಳೀಲಿ ಅಂತ. ಅವರ ಕೊರಳಿಗೆ ಅಷ್ಟು ಕೊಬ್ಬು. ಒಳಗ ನಡಗಿದ್ದು ಹೊರಗ ಯಾರಿಗೆ ಗೊತ್ತಾಗಬೇಕು?

ಸುಗ್ಗಿಗೆ ಊರಿಗೆ ಬಂದಾಗ ನಮ್ಮ ಹಟ್ಟಿಯೊಳಗ ಒಂದು ಕುರಿ ಈದಿತ್ತು. ಮರಿ ಬ್ಯಾರೆ ಕಡೆ ಕಟ್ಟಿದ್ದಕ್ಕ ಒಂದ ಸಮ ಒದರತಿತ್ತು. ತಂಗಿ ಅದರ ಕೊರಳು ತಬ್ಬಿ ಕೂತಿದ್ದಳು. ಕೈ ಅದರ ಗಂಟಲದ ಮ್ಯಾಲ ಬಿತ್ತು. ಆಕಿ ಮಾರಿ ಬ್ಯಾರೇನ ಆತು. ಇನ್ನೊಂದು ಕೈ ತನ್ನ ಗಂಟಲಕ್ಕ ಇಟಗೊಂಡಳು, ಬಾಯಿ ತಗದಳು, "ಬ್ಯಾ" ಅಂದಳು. ಉಸಿರಲ್ಲ, ದನಿ. ಕುರಿ ಸೈತ ಹೊಳ್ಳಿ ನೋಡಿತು. ನಾ ಹಿಕ್ಕಿ ಬುಟ್ಟಿ ಅಲ್ಲೇ ಚೆಲ್ಲಿ ಅಪ್ಪನ್ನ ಕರದೆ.

ಅಪ್ಪ ಬಂದು ಕೇಳಿ ನೆಲಕ್ಕ ಬಿದ್ದು ನಮಸ್ಕಾರ ಹಾಕಿದ. "ಬೀರೋಬಾ ಕೊಟ್ಟ!"

"ಅಪ್ಪಾ, ಕುರಿ ಕಲಿಸಿದ್ದು."

"ಬಾಯಿ ಮುಚ್ಚ, ಖೋಡಿ. ಕುರಿ ಯಾರದು? ಬೀರೋಬಾಂದು."

ಬರೂ ಅಮಾಸಿಗೆ ಹರಕಿ ತೀರಸೂದು ಅಂತ ಬೀಗರಿಗೆಲ್ಲಾ ಹೇಳಿ ಕಳಿಸಿದ. ಅಕ್ಕೋರಿಗೂ ಹೇಳಿ ಕಳಿಸಿದ, ಪ್ರೀತಿಯಿಂದಲ್ಲ, ನಿಮ್ಮಿಂದ ಆಗದ್ದು ನಮ್ಮ ದೇವರಿಂದ ಆತು ನೋಡ್ರಿ ಅನ್ನಾಕ. ಅಕ್ಕೋರು ಟಾಂಗಾ ಮಾಡಿಕೊಂಡು ಬಂದರು.

ಅಮಾಸಿ ಶುಕ್ರವಾರ ಬಿದ್ದಿತ್ತು. ಟಗರು ಕಡದಾಯ್ತು, ಕಟ್ಟಿಗೆ ಒಲಿ ಮ್ಯಾಲ ಸಾರು ಕುದ್ದಾಯ್ತು. ಊಟಕ್ಕ ಮೊದಲು ಪೂಜಾರಿ ತಂಗಿ ಹಣಿಗೆ ಭಂಡಾರ ಬಡದು, ಎಲ್ಲಾರ ಮುಂದ ನಿಂದರಿಸಿದ. "ಹೇಳವಾ, ಅಪ್ಪಾ ಅನ್ನು."

ಆಕಿ ಅವನ ತುಟಿ ನೋಡಿದಳು. ಗಂಟಲಕ್ಕ ಕೈ ಇಟಗೊಂಡಳು. "ಬ್ಯಾ!"

ಬೀಗರು ಹೊಟ್ಟಿ ಹಿಡಕೊಂಡು ನಕ್ಕರು. "ನಿನ್ನ ಹಟ್ಟಿಗೆ ಹೊಸಾ ಕುರಿ ಬಂತಲ್ಲೋ ಮಾವಾ, ಗೂಟ ಬಡಿ!" ಅಂದ ಒಬ್ಬ.

ಅಪ್ಪ ಪೂಜಾರಿ ಕಡೆ ಹೊಳ್ಳಿದ. "ಏನಪಾ ಇದು? ಟಗರು ಕೊಟ್ಟೀನಿ."

"ನೀ ದನಿ ಕೇಳಿದ್ದಿ, ದನಿ ಕೊಟ್ಟಾನ," ಅಂದ ಪೂಜಾರಿ. ಅವನ ಕಣ್ಣು ಸಾರಿನ ಹಂಡೆದ ಮ್ಯಾಲಿತ್ತು.

ಅಕ್ಕೋರು ಮಾತ್ರ ಬೀರೋಬಾನ ಗುಡಿ ಮುಂದ ಮಣ್ಣಾಗ ಮೊಣಕಾಲೂರಿ, ಎದಿ ಮ್ಯಾಲ ಶಿಲುಬಿ ಗುರುತು ಹಾಕೊಂಡು ಗಳಗಳ ಅಳಾಕತ್ತಿದ್ದರು. "ಮೇರಿಮಾತಾ, ಅವಾಜ ಆಲಾ! ಅವಾಜ ಬಂತು!" ಆಮ್ಯಾಲ ಎದ್ದು ಅಪ್ಪನ ಮುಂದ ಬಂದರು. "ಈಗ ಕೊಡ್ರಿ ನನ್ನ ಕಡೆ. ಅಪ್ಪಾ ಅನ್ನಸ್ತೀನಿ."

"ಸಾಕ್ರಿ," ಅಂದ ಅಪ್ಪ. "ಮಂದಿ ಮುಂದ ನಗಿಗೀಡಾತು. ಇನ್ನ ಸೊಲ್ಲಾಪುರ ಬಂದ್. ಹಟ್ಟ್ಯಾಗಿರತಾಳ, ಕುರಿ ಕಾಯ್ತಾಳ."

ತಂಗಿ ಕೈಸನ್ನಿ ತಿಳಿಯೂದು ಆ ಮನ್ಯಾಗ ನನಗೊಬ್ಬಾಕಿಗೆ. ನಾಳೆ ನಾ ಗಂಡನ ಮನಿಗೆ ಹೋದರ, ಹೊಟ್ಟಿ ನೋವಾದರ ಸೈತ ಆಕಿ ಕುರಿಗೇ ಹೇಳಬೇಕು.

ಊಟಕ್ಕ ಕೂತರು. ನಾ ಬಡಸಾಕಿ. ಅಕ್ಕೋರ ಗಂಗಾಳಕ್ಕ ಖಂಡ ಹಾಕಿದೆ. ಅವರು ಕೈ ಅಡ್ಡ ಹಿಡದರು. "ನಕೋ ಗ ಪೋರಿ. ಇವತ್ತ ಶುಕ್ರವಾರ. ನಮಗ ಖಂಡ ನಡ್ಯಂಗಿಲ್ಲ. ಅದರಾಗ ಇದು ನಿಮ್ಮ ದೇವರಿಗೆ ಕೊಟ್ಟದ್ದು."

ಹರಕಿ ಊಟಕ್ಕ ಕೂತವರು ಗಂಗಾಳ ದೂಡಿದರ ನಮ್ಮಲ್ಲಿ ಸಂಬಂಧ ಹರೀತು ಅಂತನ ಲೆಕ್ಕ. ಅಣ್ಣ ತಮ್ಮ ಜಗಳಾಡಿದ್ದರೂ ಆ ಸಾರಿಗೆ ರೊಟ್ಟಿ ಅದ್ದಿದರ ಒಂದಾದಂಗ. ಅಪ್ಪಗ ಬೇಕಾಗಿದ್ದೂ ಅದನ. "ನೋಡ್ರಿ," ಅಂದ ಬೀಗರಿಗೆ. "ನಮ್ಮ ದೇವರ ಪ್ರಸಾದ ಆಕಿಗೆ ನಡ್ಯಂಗಿಲ್ಲ. ನಮ್ಮ ಕೂಸು ಹ್ಯಾಂಗ ನಡೀತದ?"

"ಉಂಡರ ಕಳಸ್ತಿ?" ಅಂದೆ ನಾ, ಸೌಟು ಕೈಯಾಗ ಹಿಡಕೊಂಡನ.

"ಉಂಡರ ಕಳಸ್ತೀನಿ. ಆಕಿ ಎಲ್ಲಿ ಉಣತಾಳ?"

ಈ ಮಾತು ಎಲ್ಲಾರ ಕಿವಿಗೂ ಬಿತ್ತು. ನಾ ಅಕ್ಕೋರ ಮುಂದ ಕುಕ್ಕರಗಾಲಿಲೆ ಕೂತೆ. "ತಿನ್ರಿ."

"ಪಾಪ ಹತ್ತತದ."

"ಹತ್ತಲಿ. ನಿಮ್ಮ ಪಾಪಕ್ಕ ಪಾದ್ರಿ ಅದಾನ. ಈಕಿಗೆ ನೀವು ಬಿಟ್ಟರ ಯಾರದಾರ?"

ಅವರು ನನ್ನ ನೋಡಿದ ನೋಟಕ್ಕ ನಾ ಸುಟ್ಟು ಹೋಗಬೇಕಿತ್ತು. ಆಮ್ಯಾಲ ತಂಗಿ ಕಡೆ ನೋಡಿದರು. ಆಕಿ ಎಲುಬು ಚೀಪಿಕೋತ, ಒಂದು ಕೈಲೆ ಇನ್ನೂ ತನ್ನ ಗಂಟಲಾ ಹಿಡಕೊಂಡು, ಮೆತ್ತಗ "ಬ, ಬ" ಅನ್ನಾಕತ್ತಿದ್ದಳು. ಅಕ್ಕೋರು ಮ್ಯಾಲ ಮಾರಿ ಮಾಡಿ ತಮ್ಮ ಭಾಷಾದಾಗ ಏನೋ ಅಂದರು. ಆ ಕಡೆ ಹೊಳ್ಳಿ ನಿಂದ್ರು ಅಂತ ಮೇರಿಮಾತಾಗ ಹೇಳಿರಬೇಕು. ರೊಟ್ಟಿ ಮುರದರು, ಅದ್ದಿದರು, ಕಣ್ಣು ಮುಚ್ಚಿ ನುಂಗಿದರು.

ಬೀಗರು ಕೈಯಾಗಿನ ರೊಟ್ಟಿ ಬಿಟ್ಟು ಅವರ ಬಾಯಿನ ನೋಡಾಕತ್ತರು.

"ಉಳ್ಳಾಗಡ್ಡಿ ಅದ ಏನ?" ಅಂದರು ಅಕ್ಕೋರು.

ಉಳ್ಳಾಗಡ್ಡಿ ಕೊಟ್ಟೆ. ಇನ್ನೊಂದು ರೊಟ್ಟೀನೂ ಹಾಕಿದೆ. ಮಸಾಲಿ ಚಲೋ ಆಗ್ಯಾದ, ಉಪ್ಪು ತುಸು ಜಾಸ್ತಿ ಅಂತ ಕೊಂಕೂ ತಗದರು. ಪಾಪ ಮಾಡಿದ ಮ್ಯಾಲ ಅರ್ಧಕ್ಕ ಬಿಡೂ ಪೈಕಿ ಅವರಲ್ಲ. ಬೀಗರಾಗಿನ ಮುದುಕ ಒಬ್ಬ, "ಹೆಣ್ಣಮಗಳು ಗಟ್ಟಿ ಅದಾಳ, ಇನ್ನ ಕೂಸಿನ ಕಳಸಪಾ" ಅಂದ. ಅಪ್ಪ ಕೈ ತೊಳಕೊಂಡು ಹಟ್ಟಿ ಕಡೆ ನಡದ. ಟಾಂಗಾ ಆಗಲೇ ಹೊಳ್ಳಿ ಹೋಗಿತ್ತು, ಅಕ್ಕೋರು ನಮ್ಮಲ್ಲೇ ಮಲಗಿದರು.

ಮರುದಿನ ಮುಂಜಾನೆ ಅಪ್ಪ ಕಂಬಳಿ ಹೊತಗೊಂಡು ಗ್ವಾಡಿ ಕಡೆ ಮಾರಿ ಮಾಡಿದ. ಎತ್ತಿನ ಕಾಲಿಗೆ ಮುಳ್ಳು ನೆಟ್ಟದ, ಇವತ್ತ ಬಂಡಿ ಹೂಡೂದಾಗಂಗಿಲ್ಲ ಅಂದ. ನಾ ಎರಡೂ ಎತ್ತಿನ ಎಲ್ಲಾ ಕಾಲೂ ಎತ್ತಿ ನೋಡಿದೆ. ಮುಳ್ಳೂ ಇಲ್ಲ ಗಿಳ್ಳೂ ಇಲ್ಲ. ಸೀರಿ ಕಚ್ಚಿ ಹಾಕಿ ನಾನ ಬಂಡಿ ಹೂಡಿದೆ. ತಂಗೀನ್ನ ಎತ್ತಿ ಒಳಗ ಕುಂದರಿಸಿದೆ. ಅಕ್ಕೋರನ್ನ ಹಿಂದಿನಿಂದ ದೂಡಿ ಹತ್ತಿಸಿದೆ. ಮೂಗುದಾಣದ ಹಗ್ಗ ಹಿಡಕೊಂಡು ಸೊಲ್ಲಾಪುರದ ಕಡೆ ಹೊಡದೆ.