ಲಕ್ಕಪ್ಪ ಕಾಕಾನ ದಪ್ಪ ಚಸ್ಮಾ

ಈಗ ಇದನ್ನ ಟೈಪ್ ಮಾಡಾಕತ್ತೇನಲ್ರಿ, ಎಡಗೈಯಾಗ ಒಂದ ಹಳೇ ಚಸ್ಮಾ ಹಿಡಕೊಂಡೇನಿ. ಮೊಬೈಲ್ ಮ್ಯಾಲ ಹಿಡಿದ್ರ ಅಕ್ಷರ ಒಂದೊಂದೂ ಹುಣಸಿ ಬೀಜದಷ್ಟ ಕಾಣತಾವು. ಎಸ್ಸೆಸ್ಸೆಲ್ಸಿ ಮಗಳ ಜೋಡಿ ಕುಂತ ಪಾಸಾದಾಂವ ನಾ. ಅಕ್ಷರ ದೊಡ್ಡದಿದ್ರ ಜೀವಕ್ಕ ಸಮಾಧಾನ.

ಈ ಚಸ್ಮಾ ಕೊಣ್ಣೂರಾಗ ನಮ್ಮ ಬಾಜೂ ಮನಿ ಲಕ್ಕಪ್ಪ ಕಾಕಾಂದು. ಕುರಿ ವ್ಯಾಪಾರ ಅವಂದು. ಸಂತ್ಯಾಗ ನಿಂತ ಟಗರ ನೋಡಿದ್ರ, ಮುಟ್ಟಲಾರದ ತೂಕಾ ಹೇಳಾಂವ. ಒಂದ ಕಣ್ಣ ಸಣ್ಣಾಂವಿದ್ದಾಗಿಂದ ಮಂದ, ಎಲ್ಲಾ ಕೆಲಸಾ ಇನ್ನೊಂದರದ. ಆ ಇನ್ನೊಂದಕ್ಕನ ಒಂದ ಟಗರ ಗುದ್ದಿತು ನೋಡ್ರಿ. ಒಳಗಿನ ಲೆನ್ಸ್ ಕಳಚಿತು, ದವಾಖಾನ್ಯಾಗ ತಗದ್ರು. ಬದಲಿ ಲೆನ್ಸ್ ಕೂಡಸೂಣಂದ್ರ, ಕಣ್ಣಾಗ ಅದನ್ನ ಹಿಡಿದಿದ್ದ ತೆಳು ಚೀಲಾನೂ ಉಳೀಲಿಲ್ಲ. ಅದಕ್ಕ ಈ ಚಸ್ಮಾ, ಸೋಡಾ ಬಾಟ್ಲಿ ಬುಡದಂಗ.

ಹಾಕ್ಕೊಂಡ್ರ ಎಲ್ಲಾ ದೊಡ್ಡದ, ಎಲ್ಲಾ ಹತ್ರ. ಬಶಿಗೆ ಹಾಕಿದ ಚಾ ಚಾಪಿ ಕುಡೀತಿತ್ತು. ಹುಕ್ಕೇರಿ ಬೀಗರ ಮನಿ ಕಾರ್ಯಾಕ್ಕಂತ ಕಾಕಾ ಮೂಡಲಗಿ ಸಂತ್ಯಾಗ ಒಂದ ಭಾರಿ ಟಗರ ಆರಿಸಿ ತಂದ. ಬೀಗರು ಹಗ್ಗಾ ಹಿಡದ ನೋಡಿ, "ಅಲ್ರಿ ಬೀಗರ, ಇದನ್ನ ಕಡಿಯೂದ್ಯಾಕ? ಇಡೀದ ಕುಕ್ಕರಿನ್ಯಾಗ ಇಡೂಣಲ್ರಿ!" ಅಂದ್ರು. ಎಲ್ಲಾರೂ ನಕ್ರು, ನಾನೂ ನಕ್ಕೆ. ಕಾಕಾನೂ ನಕ್ಕ, ಆದ್ರ ಮತ್ತ ಸಂತಿ ಕಡೆ ಹಾಯಲಿಲ್ಲ.

ಗೋಕಾಕದ ಡಾಕ್ಟರ ಕಡೆ ನಾನ ಕಾಕಾ ಕಾಕಿ ಇಬ್ಬರನೂ ಕರಕೊಂಡ ಹ್ವಾದೆ.

"ಚೀಲ ಇಲ್ಲದಿದ್ರೂ ಲೆನ್ಸ್ ಕೂಡಸಬಹುದು. ಕಣ್ಣಿನ ಬಿಳಿ ಗೋಡಿಗೆ ಎರಡೂ ಬಾಜೂ ಅದರ ಎಳಿಯಂಥಾ ಕಾಲ ಸಿಗಸ್ತೇವಿ" ಅಂದ್ರು.

"ತೊಟ್ಟಲಾ ಕಟ್ಟಿದಂಗೇನ್ರಿ?" ಕಾಕಾ ಕೇಳಿದ.

"ಹಂಗ ಅಂದ್ಕೋರಿ. ಆದ್ರ ಇದು ತೂಗಬಾರದು."

ಕಾಕಿ ನಗಲಿಲ್ಲ. "ಇರೂದ ಒಂದ ಕಣ್ಣ್ರಿ. ಅದೂ ಹೋದ್ರ?"

"ಅಪಾಯ ಇಲ್ಲಂತ ನಾ ಹೇಳಾಂಗಿಲ್ಲವ್ವಾ."

ಬಸ್ಸಿನ್ಯಾಗ ಹೊಳ್ಳಿ ಬಂದ್ವಿ. ಕೊಣ್ಣೂರಾಗ ಇಳಿಯೂ ಮುಂದ ಕಾಕಾ ಮೆಟ್ಟಲಾ ಹತ್ರನ ಐತಿ ಅಂತ ಗಾಳ್ಯಾಗ ಕಾಲಿಟ್ಟ. ಕಾಕಿ ಗಪ್ಪನ ರಟ್ಟಿ ಹಿಡದ್ಲು. ಹಿಡಕೊಂಡ ಇಳಿಸಿ, "ಮಾಡಿಸ್ಕೋರಿ" ಅಂದ್ಲು.

ಮಾಡಿಸ್ಕೊಂಡ. ಪಟ್ಟಿ ಬಿಚ್ಚಿದ್ರ ಎಲ್ಲಾ ಮಂಜ! ಹೆದರಿದ ಕಾಕಿ ಮಾರಿ ನನಗ ನೋಡಾಕ ಆಗವಲ್ದಾಗಿತ್ತು. ಆದ್ರ ದಿನಾ ಹೋದಂಗ ತಿಳಿ ಆಕ್ಕೋತ ಬಂತು. ಒಂದ ಮುಂಜಾನಿ ನಾ ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ದೆ. ಕಾಕಿ ರೊಟ್ಟಿ ತಾಟ ತಂದ್ಲು. ಕಾಕಾ ತಾಟ ಬಿಟ್ಟ ಆಕೀನ ನೋಡಿದ.

"ನೀ ಯಾವಾಗ ಇಷ್ಟ ಸೊರಗಿದಿ?"

"ನಾ ಏನ ಸಂತ್ಯಾಗ ನಿಂತೇನೇನ್ರಿ, ತೂಕಾ ಹೇಳಾಕ?" ಕಾಕಿ ಸೆರಗ ಹೊದ್ಕೊಂಡ್ಲು.

ಚಸ್ಮಾ ಹಾಕ್ಕೊಂಡಿದ್ದಷ್ಟ ವರ್ಷಾನೂ ಕಾಕಾಗ ಆಕಿ ಮೈತುಂಬ್ಕೊಂಡನ ಕಾಣತಿದ್ಲಂತ. ಕಾಕಾ ಅರ್ಧಾ ರೊಟ್ಟಿ ಮುರದ ಆಕಿ ಕೈಯಾಗಿಟ್ಟ. ಮುಂದಿನ ವಾರ ಸಂತಿಗೆ ಹೋದ. ತಂದದ್ದ ಟಗರಲ್ಲ, ಕಾಕಿ ಕುಡೀಲಿ ಅಂತ ಹಾಲಿನ ಆಡ. ಚಸ್ಮಾ ನನಗ ಕೊಟ್ಟ: "ನಿನ್ನ ಅಕ್ಷರಕ್ಕ ಇಟ್ಕೋಪಾ. ಟಗರ ತರಾಕ ಮಾತ್ರ ಹಾಕ್ಕೊಂಡ ಹೋಗಬ್ಯಾಡ."

ಇಷ್ಟ ಬರಿಯೂದ್ರಾಗ ನಮ್ಮಾಕಿ ಚಾ ತಂದ ಇಟ್ಲು. ಚಸ್ಮಾ ಬಾಜೂಕಿಟ್ಟ ನೋಡಿದೆ.

"ಏನ್ರಿ, ಹಂಗ್ಯಾಕ ನೋಡಾಕತ್ತೀರಿ?"

"ಕುಂದರ. ನಿನ್ನ ಚಾ ಎಲ್ಲೈತಿ?"