ಹಳದಿ ಮೇಲೆ ಕೆಂಪು ಗೆರೆ

ಮುಬೀನಾಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ಆ ವಾರವಿಡೀ ಅವಳ ಬಾಯಿ ಮುಚ್ಚಿಯೇ ಇತ್ತು. ಮಾಚೇನಹಳ್ಳಿಯ ಎರಕದ ಕಾರ್ಖಾನೆಯ ಸ್ಟೋರಿನಲ್ಲಿ ಕೂತು, ತಾನೇ ಮಾಡಿದ ಬಾರ್‌ಕೋಡ್ ಲೇಬಲ್ಲಿನ ಮೇಲೆ ಸ್ಕ್ಯಾನರ್ ಗನ್ನಿನ ಬೆಳಕು ಬಿಡುತ್ತಿದ್ದಳು. ಓದಿಕೊಂಡರೆ ಗನ್ 'ಪೀಂ' ಎನ್ನಬೇಕು. ಹತ್ತಿರ ಹಿಡಿದಳು, ದೂರ ಹಿಡಿದಳು, ಓರೆಯಾಗಿ ಹಿಡಿದಳು. ಊಹೂಂ! ಗನ್ನಿಗೆ ಬಾಯಿ ಬಿದ್ದುಹೋಗಿತ್ತು. ಸೋಮವಾರ ಹೊಸೂರಿನಿಂದ ಗಿರಾಕಿ ಕಂಪನಿಯವರು ಬಂದು, ಎದುರಿಗೇ ನಿಂತು ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡಿಸಿ ನೋಡುವವರಿದ್ದರು.

ಮುಬೀನಾ ಭದ್ರಾವತಿಯವಳು. ನ್ಯೂ ಟೌನ್ ಅಂಚಿನಲ್ಲಿ ಲಾರಿ ರಿಪೇರಿ ಮಾಡುವ ಬಾಬು ಸಾಬರ ಮಗಳು. ಬಿ.ಕಾಂ. ಮುಗಿಸಿ ಈ ಕಾರ್ಖಾನೆಗೆ ಸೇರಿದಾಗ ಸಿಕ್ಕ ಕೆಲಸ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದು. ಯಾವ ಪೆಟ್ಟಿಗೆಯಲ್ಲಿ ಯಾವತ್ತು ಎರೆದ ಮಾಲಿದೆ ಎಂದು ಯಾರಾದರೂ ಕೇಳಿದರೆ ಇಡೀ ಸ್ಟೋರು ತಲೆಕೆಳಗಾಗುತ್ತಿತ್ತು. ಆ ಗೋಳು ನೋಡಲಾರದೆ ಅವಳು ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಒಂದು ವಿದ್ಯೆ ಕಲಿತಳು. ಸಾಲುಗಟ್ಟಲೆ ಕೋಡ್ ಬರೆಯುವ ಗೋಜಿಲ್ಲದೆ, ಪರದೆಯ ಮೇಲೆ ತುಂಡುಗಳನ್ನು ಎಳೆದು ತಂದು ಜೋಡಿಸಿ ಆಪ್ ಕಟ್ಟುವ ವಿದ್ಯೆ. ಅದರಲ್ಲಿ ಬಾರ್‌ಕೋಡಿನದ್ದೂ ಒಂದು ತುಂಡು. ಎಳೆದು ತಂದು ಬಿಟ್ಟರೆ ಪಕ್ಕದಲ್ಲೇ ಕೇಳುತ್ತದೆ: ಯಾವ ಬಗೆಯದು ಬೇಕು, ಗೆರೆ ಎಷ್ಟು ದಪ್ಪ, ಕೆಳಗೆ ಅಂಕಿ ಕಾಣಬೇಕೋ ಬೇಡವೋ, ಗೆರೆಗೆ ಯಾವ ಬಣ್ಣ, ಹಿಂದೆ ಯಾವ ಬಣ್ಣ. ಮೊದಲು ಮಾಲಿನ ಹೆಸರನ್ನು ಕನ್ನಡದಲ್ಲೇ ಹಾಕಿ ನೋಡಿದಳು, ಗೆರೆಯೇ ಮೂಡಲಿಲ್ಲ. ಆ ಬಗೆಯ ಬಾರ್‌ಕೋಡಿಗೆ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನೂ ಒಗ್ಗುವುದಿಲ್ಲವಂತೆ. ಹಾಳಾಗಿ ಹೋಗಲಿ ಎಂದು ಅಂಕಿ ಕೊಟ್ಟಳು, ಗೆರೆ ಮೂಡಿತು.

ಕಾರ್ಖಾನೆಯ ಮಾಲೀಕರು ರೇಣುಕಾಪ್ರಸಾದ್, ಎಲ್ಲರ ಬಾಯಲ್ಲಿ ಸಾಹುಕಾರರು. ಒಳ್ಳೆಯವರೇ, ಆದರೆ ಆಸೆ ತೋರಿಸಿ ಹೆದರಿಸುವ ಅಭ್ಯಾಸ. "ಇದು ಓಡ್ತು ಅಂದ್ರೆ ಸ್ಟೋರ್ ಇನ್‌ಚಾರ್ಜ್ ನೀನೇ ಕಣಮ್ಮ. ಓಡ್ಲಿಲ್ಲ ಅಂದ್ರೆ ಹೊರಗಡೆಯಿಂದ ರೆಡಿಮೇಡ್ ತರಿಸ್ತೀನಿ. ನೀನು ಮತ್ತೆ ಚೀಟಿ ಅಂಟಿಸ್ಕೊಂಡು ಇರು" ಎಂದಿದ್ದರು.

ಮೊದಲ ಲೇಬಲ್ಲನ್ನು ಅವಳು ಆಯುಧಪೂಜೆಯ ದಿನ ತೋರಿಸಿದ್ದಳು. ಬಿಳಿ ಮೇಲೆ ಕಪ್ಪು. ಸಾಹುಕಾರರ ಮುಖ ಗಂಟಾಯಿತು. "ಇದೇನಮ್ಮ, ಹಬ್ಬದ ದಿನ ಕರೀ ಗೆರೆ? ತಿಥಿ ಕಾರ್ಡ್ ತರ ಕಾಣುತ್ತೆ. ಬಣ್ಣ ಬದಲಾಯಿಸೋಕಾಗಲ್ವಾ?"

"ಆಗುತ್ತೆ ಸರ್."

"ಹಳದಿ ಮೇಲೆ ಕೆಂಪು ಹಾಕು. ಅರಿಶಿನ ಕುಂಕುಮನೂ ಆಯ್ತು, ಕನ್ನಡ ಬಾವುಟನೂ ಆಯ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ!"

ಹೇಳಿ, ಇಂಥ ಮಾತಿಗೆ ಯಾರು ಎದುರಾಡುತ್ತಾರೆ? ಮುಬೀನಾ ಅಲ್ಲೇ ಬಣ್ಣ ಬದಲಿಸಿದಳು. ಆಫೀಸಿನ ಕಲರ್ ಪ್ರಿಂಟರಿನಿಂದ ಹೊರಬಂದ ಮೊದಲ ಬಣ್ಣದ ಲೇಬಲ್ಲನ್ನು ಸಾಹುಕಾರರು ಕಣ್ಣಿಗೊತ್ತಿಕೊಂಡು ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಅವಳ ಮೊಬೈಲಿನ ಕ್ಯಾಮರಾ ಅದನ್ನು ಸಲೀಸಾಗಿ ಓದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಹೊಸ ಗನ್ ಬಂತು, ಶನಿಯೂ ಜೊತೆಗೇ ಬಂತು. ಗೆರೆ ದಪ್ಪ ಮಾಡಿದಳು, ತೆಳ್ಳಗೆ ಮಾಡಿದಳು, ಅಂಕಿ ತೆಗೆದಳು, ಹಾಕಿದಳು, ಬಾರ್‌ಕೋಡಿನ ಬಗೆಯನ್ನೇ ಬದಲಿಸಿದಳು. ಗನ್ ಕೆಟ್ಟಿದೆಯೇನೋ ಎಂದು ಬಿಸ್ಕತ್ ಪ್ಯಾಕೆಟ್ಟಿಗೆ ಹಿಡಿದಳು. ಪೀಂ! ತನ್ನ ಲೇಬಲ್ಲಿಗೆ ಹಿಡಿದಳು. ತೆಪ್ಪಗಿತ್ತು. "ಬಿಸ್ಕತ್ತಿನ ಮೇಲಿರೋ ಪ್ರೀತಿ ನನ್ ಮೇಲಿಲ್ವಾ ನಿಂಗೆ!" ಎಂದು ಗನ್ನನ್ನೇ ಬೈದಳು.

ಶುಕ್ರವಾರ ಸಂಜೆ ಕರೆಂಟು ಹೋಯಿತು. ಕತ್ತಲು ಕವಿದ ಸ್ಟೋರಿನಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ಗನ್ ಇನ್ನೂ ಉರಿಯುತ್ತಿತ್ತು. ಅದರ ಕೆಂಪು ಬೆಳಕು ಲೇಬಲ್ಲಿನ ಮೇಲೆ ಬಿದ್ದಾಗ ಮುಬೀನಾ ಕಣ್ಣುಜ್ಜಿಕೊಂಡು ನೋಡಿದಳು. ಬೆಳಕು ಬಿದ್ದ ಜಾಗದಲ್ಲಿ ಗೆರೆಗಳೇ ಇರಲಿಲ್ಲ. ಕೆಂಪು ಬೆಳಕಿನಲ್ಲಿ ಕೆಂಪು ಗೆರೆಯೂ ಹಳದಿ ಕಾಗದವೂ ಒಂದೇ ಆಗಿದ್ದವು. ಪಾಪದ ಗನ್ನಿಗೆ ಬರೀ ಖಾಲಿ ಕಾಗದ ಕಾಣುತ್ತಿತ್ತು. ಆ ಗಳಿಗೆ ಅವಳಿಗೆ ಕುಣಿದಾಡುವಷ್ಟು ಖುಷಿಯಾಯಿತು. ಮರುಗಳಿಗೆಯೇ ಸಾಹುಕಾರರ ಮೇಜಿನ ಗಾಜು ನೆನಪಾಯಿತು.

ಬಣ್ಣ ಬದಲಿಸಬೇಕು, ಅಷ್ಟೇ. ಎರಡು ಸಲ ಕ್ಲಿಕ್ ಮಾಡುವ ಕೆಲಸ. ಆದರೆ ಸಾಹುಕಾರರ ಮುಂದೆ ಹೋಗಿ 'ಅರಿಶಿನ ಕುಂಕುಮ ತೆಗೆಯಿರಿ' ಎಂದು ಬಾಬು ಸಾಬರ ಮಗಳು ಹೇಳಬೇಕು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಗೊತ್ತಿಲ್ಲದಂತೆ ಬದಲಿಸೋಣವೆಂದರೆ ಗಾಜಿನ ಕೆಳಗೆ ಲೇಬಲ್ಲು ಕೂತಿದೆ. ಮನೆಯಲ್ಲಿ ತಾಯಿ ಅಮೀನಾ ಬೀ, "ಕ್ಯಾ ಹುವಾ ಬೇಟೀ?" ಎಂದು ಕೇಳಿ, ಎಲ್ಲ ಕೇಳಿಸಿಕೊಂಡು, "ನೀನು ಮಾತ್ರ ಬಾಯಿ ಬಿಡ್ಬೇಡ. ಕೆಲಸ ಹೋದ್ರೆ ಹೋಗ್ಲಿ" ಎಂದರು. ಆ ಮಾತಿಗೆ ಮುಬೀನಾಗೆ ಇನ್ನೂ ಸಿಟ್ಟು ಬಂತು. ಯಾಕೆ ಹೋಗಬೇಕು? ತಪ್ಪು ಬೆಳಕಿನದ್ದು, ಶಿಕ್ಷೆ ಮಾತ್ರ ತನಗೇಕೆ?

ಶನಿವಾರ ಬೆಳಿಗ್ಗೆ ಸೂಪರ್‌ವೈಸರ್ ಆನಂದ್ ಹತ್ತಿರ ಎಲ್ಲವನ್ನೂ ಹೇಳಿಕೊಂಡಳು. ಆತ ನಕ್ಕುಬಿಟ್ಟ. "ಇಷ್ಟಕ್ಕೆ ಮುಖ ಇಷ್ಟುದ್ದ ಮಾಡ್ಕೊಂಡಿದ್ಯಾ ಮಾರಾಯ್ತಿ? ಇರು, ನಾನ್ ಹೇಳ್ತೀನಿ."

ಹೋದ, ಹೇಳಿದ, ಬಂದ. ಒಂದು ಲೋಟ ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಕಪ್ಪು ಮಾಡಲು ಅಪ್ಪಣೆಯಾಗಿತ್ತು. ಮುಬೀನಾ ಬಣ್ಣ ಬದಲಿಸಿ ಹೊಸ ಲೇಬಲ್ಲು ಪ್ರಿಂಟ್ ಮಾಡಿ ಗನ್ ಹಿಡಿದಳು. ಪೀಂ! ಇನ್ನೊಂದಕ್ಕೆ ಹಿಡಿದಳು. ಪೀಂ! ಲ್ಯಾಪ್‌ಟಾಪು, ಗನ್ನು ಎತ್ತಿಕೊಂಡು ಆನಂದ್ ಜೊತೆ ಆಫೀಸಿಗೆ ಓಡಿದಳು.

ಸಾಹುಕಾರರು ತಾವೇ ಗನ್ ಹಿಡಿದು ನೋಡಿ, ಆನಂದನ ಬೆನ್ನು ತಟ್ಟಿದರು. "ಭಲೇ! ನೀನು ಹೇಳ್ದೆ ಇದ್ದಿದ್ರೆ ಸೋಮವಾರ ಮರ್ಯಾದೆ ಮೂರಾಬಟ್ಟೆ ಆಗ್ತಿತ್ತು. ಸ್ಟೋರೂ ಇನ್ಮೇಲೆ ನೀನೇ ನೋಡ್ಕೋ. ಮುಬೀನಾ ನಿನ್ ಕೈ ಕೆಳಗೆ ಇರ್ಲಿ."

ಆನಂದ್ ತೊದಲಿದ. "ಸರ್, ಅದು ನಾನಲ್ಲ, ಅವಳೇ..."

ಅಷ್ಟರಲ್ಲಿ ಮುಬೀನಾಳ ಕಿವಿ ಕೆಂಪಾಗಿತ್ತು. ಆದರೆ ಈ ಸಲ ಬಾಯಿ ಮುಚ್ಚಲಿಲ್ಲ. "ಕಂಡುಹಿಡಿದಿದ್ದು ನಾನು ಸರ್. ಆನಂದಣ್ಣ ಬಾಯಿ ಸಾಲ ಕೊಟ್ರು, ಅಷ್ಟೇ."

ಸಾಹುಕಾರರು ಹುಬ್ಬೇರಿಸಿದರು. "ಹಂಗಾದ್ರೆ ನೀನೇ ಬಂದು ಹೇಳೋಕೇನಾಗಿತ್ತಮ್ಮ? ನಾನೇನು ಹುಲಿನಾ, ಕರಡಿನಾ?"

"ಅರಿಶಿನ ಕುಂಕುಮದ ಬಣ್ಣ ತೆಗೀರಿ ಅಂತ ಆನಂದಣ್ಣ ಹೇಳಿದ್ರೆ ಅದು ಗನ್ನಿನ ಮಾತು ಸರ್. ಮುಬೀನಾ ಹೇಳಿದ್ರೆ ಬೇರೆ ಮಾತಾಗುತ್ತೆ."

"ನಾನು ಹಂಗ್ ತಿಳ್ಕೊಳ್ತಿದ್ದೆ ಅಂತೀಯಾ?"

"ಗೊತ್ತಿಲ್ಲ ಸರ್. ಗೊತ್ತಿಲ್ಲದ್ದಕ್ಕೇ ಬಾಯಿ ಬಿಡ್ಲಿಲ್ಲ. ಒಂದು ವಾರದಿಂದ ನನಗೆ ಗನ್ ಮೇಲೆ ಸಿಟ್ಟು, ನಿನ್ನೆಯಿಂದ ನಿಮ್ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ನನ್ ಮೇಲೇ ಸಿಟ್ಟು."

ರೇಣುಕಾಪ್ರಸಾದ್ 'ಛೆ, ಛೆ, ನಾವೆಲ್ಲ ಒಂದೇ ಅಲ್ವಾ' ಎನ್ನಬಹುದಿತ್ತು. ಆ ಮಾತು ಅವರ ತುಟಿಯವರೆಗೆ ಬಂದಂತೆಯೂ ಕಂಡಿತು. ಅದನ್ನು ನುಂಗಿಕೊಂಡು, ಗನ್ನನ್ನು ಆನಂದನ ಕೈಗಲ್ಲ, ಅವಳ ಕೈಗೆ ಕೊಟ್ಟರು.

"ಸ್ಟೋರ್ ನಿಂದು. ಸೋಮವಾರ ಅವರ ಮುಂದೆ ನೀನೇ ನಿಂತ್ಕೋ" ಎಂದರು. ಆಮೇಲೆ ಕುರ್ಚಿಯಲ್ಲಿ ಕೂತು, ಅವಳ ಮುಖ ನೋಡದೆ ಹೇಳಿದರು: "ನೀನೇ ಬಂದು ಹೇಳಿದ್ದಿದ್ರೆ ಏನ್ ತಿಳ್ಕೊಳ್ತಿದ್ದೆ ಅಂತ ಕೇಳಿದ್ನಲ್ಲ. ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಿಲ್ಲಮ್ಮ."